ಮಾಲೆಯಲ್ಲಿ 1988 ಹುಡುಕುತ್ತಾ

ಗುರುವಾರ

ಮಾಲ್ಡೀವ್ಸ್‌ಗೆ ಹೊರಟಿದ್ದೀವಿ ಅಂದರೆ ಎಲ್ಲರೂ ಕೇಳುವುದು ಒಂದೇ. ಯಾವ ರೆಸಾರ್ಟು? ಇಲ್ಲ, ರಾಜಧಾನಿ ಮಾಲೆ ಊರಲ್ಲೇ ಉಳೀತೀವಿ ಅಂದರೆ ಮುಖ ನೋಡುತ್ತಾರೆ. ಜೊತೆಗೆ ಬಂದ ಗೆಳೆಯನೂ ಹಾಗೇ ನೋಡಿದ. ಕೊನೆಗೆ ಒಪ್ಪಂದವಾಯಿತು: ಮೊದಲು ನನಗೆ ಊರು, ಆಮೇಲೆ ಅವನಿಗೆ ನೀರು.

ನನಗೆ ಬೇಕಿದ್ದದ್ದು 1988. ಆ ವರ್ಷ ನವೆಂಬರ್ 3ರ ನಸುಕಿನಲ್ಲಿ ಸುಮಾರು 80 ಮಂದಿ ಬಂದೂಕುಧಾರಿಗಳು ದೋಣಿಗಳಲ್ಲಿ ಮಾಲೆಗೆ ಬಂದಿಳಿದು ಇಡೀ ದೇಶವನ್ನೇ ಹಿಡಿದುಕೊಳ್ಳಲು ನೋಡಿದ್ದರು. ಅದೂ ಗುರುವಾರವೇ. ಬಂದವರು ಶ್ರೀಲಂಕಾದ 'ಪ್ಲಾಟ್' ಎಂಬ ತಮಿಳು ಉಗ್ರರ ಗುಂಪಿನವರು. ಕರೆಸಿದವನು ಮಾತ್ರ ಮಾಲ್ಡೀವ್ಸ್‌ನವನೇ, ಅಬ್ದುಲ್ಲಾ ಲುತುಫಿ ಎಂಬ ವ್ಯಾಪಾರಿ. ಅಧ್ಯಕ್ಷ ಮೌಮೂನ್ ಅಬ್ದುಲ್ ಗಯೂಮ್ ಅವರನ್ನು ಇಳಿಸುವುದು ಅವನ ಲೆಕ್ಕ. 1980ರಲ್ಲಿ, 1983ರಲ್ಲಿ ಇಂಥದೇ ಪ್ರಯತ್ನಗಳು ನಡೆದು ಮುರಿದುಬಿದ್ದಿದ್ದವು. ಇದು ಮೂರನೆಯದು, ಗುಂಡು ಹಾರಿದ್ದು ಇದರಲ್ಲೇ.

ವಿಮಾನ ಇಳಿಯುವಾಗ ಕಿಟಕಿಯಲ್ಲಿ ನೀರು, ನೀರು, ನೀರು, ಇನ್ನೇನು ಮುಳುಗಿದೆವು ಅನ್ನುವಷ್ಟರಲ್ಲಿ ಚಕ್ರ ನೆಲ ಮುಟ್ಟುತ್ತದೆ. ವಿಮಾನ ನಿಲ್ದಾಣ ಇರುವುದು ಮಾಲೆಯಲ್ಲಿ ಅಲ್ಲ, ಪಕ್ಕದ ಹುಳುಲೆ ದ್ವೀಪದಲ್ಲಿ. 1960ರಲ್ಲಿ ಊರವರೇ ಕೈಸೇರಿಸಿ ಕಬ್ಬಿಣದ ಹಲಗೆ ಹಾಸಿ ಮಾಡಿದ ಪಟ್ಟಿ ಇದು. ಮಾಲೆಗೂ ಇದಕ್ಕೂ ಮಧ್ಯೆ ಒಂದೂವರೆ ಕಿಲೋಮೀಟರ್ ಆಸುಪಾಸು ಸಮುದ್ರ. ಈ ತುಂಡು ಸಮುದ್ರವನ್ನು ನೋಡಲೆಂದೇ ಬಂದೆ ಅಂದರೂ ತಪ್ಪಿಲ್ಲ. ಯಾಕಂದರೆ ದಾಳಿಗೆ ಬಂದವರು ಮಾಲೆಗೆ ನುಗ್ಗಿದರು, ಬೀದಿ ಹಿಡಿದರು, ಆದರೆ ಹುಳುಲೆಗೆ ಬರಲೇ ಇಲ್ಲ. ವಿಮಾನ ನಿಲ್ದಾಣವನ್ನು ಹಿಡಿಯದೆ ದೇಶ ಹಿಡಿಯಲು ಹೊರಟವರು ಅವರು. ಅವತ್ತು ಸೋತಿದ್ದು ಅಲ್ಲೇ ಅಂತ ನನ್ನ ನಂಬಿಕೆ.

ಈಗ ಸೇತುವೆ ಇದೆ, ಟ್ಯಾಕ್ಸಿ ಹತ್ತಿದರೆ ಕೆಲವೇ ನಿಮಿಷ. ನಾವು ದೋಣಿಯಲ್ಲೇ ಹೋದೆವು. ನಮ್ಮ ಜೊತೆ ಏಪ್ರನ್ ತೊಟ್ಟ ಒಬ್ಬ ಬಾಂಗ್ಲಾದೇಶದ ಹುಡುಗ, ಶಾಲೆ ಬ್ಯಾಗಿನ ಇಬ್ಬರು ಮಕ್ಕಳು, ಫ್ರಿಜ್ಜಿನ ಪೆಟ್ಟಿಗೆ ಹಿಡಿದುಕೊಂಡ ಒಬ್ಬರು. ಯಾರೂ ಹೊರಗೆ ನೋಡುತ್ತಿರಲಿಲ್ಲ. ನಾನೊಬ್ಬನೇ ಕತ್ತು ಚಾಚಿ ರನ್‌ವೇ ಕಡೆ ನೋಡುತ್ತಿದ್ದೆ.

ಆ ರಾತ್ರಿ ಇಲ್ಲಿ ಇಳಿದದ್ದು ಭಾರತದ ವಾಯುಪಡೆಯ ಎರಡು ಐಎಲ್-76 ವಿಮಾನಗಳು. ಆಗ್ರಾದಿಂದ ಹೊರಟು ಎಲ್ಲೂ ನಿಲ್ಲದೆ ಬಂದವು, ದೂರ ಸುಮಾರು ಎರಡೂವರೆ ಸಾವಿರ ಕಿಲೋಮೀಟರ್. ಹತ್ತಿರದ ತಿರುವನಂತಪುರ ಬಿಟ್ಟು ಆಗ್ರಾ ಯಾಕೆ ಅಂದರೆ ಪ್ಯಾರಾಚೂಟ್ ಬ್ರಿಗೇಡ್ ಇದ್ದದ್ದು ಅಲ್ಲಿ. ಮುಂದಿನ ವಿಮಾನ ನಡೆಸಿದವರು ಗ್ರೂಪ್ ಕ್ಯಾಪ್ಟನ್ ಅನಂತ್ ಬೇವೂರ್. ಒಳಗೆ ಬ್ರಿಗೇಡಿಯರ್ ಫಾರೂಕ್ ಬುಲ್ಸಾರಾ, 6 ಪ್ಯಾರಾದ ಕರ್ನಲ್ ಸುಭಾಷ್ ಜೋಶಿ, ಅವರ ಸೈನಿಕರು. ಮಾಲ್ಡೀವ್ಸ್‌ಗೆ ಭಾರತದ ಹೈಕಮಿಷನರ್ ಆಗಿದ್ದ ಎ.ಕೆ. ಬ್ಯಾನರ್ಜಿ ಆ ಹೊತ್ತಿಗೆ ದೆಹಲಿಯಲ್ಲಿದ್ದರು, ಅವರೂ ಅದೇ ವಿಮಾನ ಹತ್ತಿ ಬಂದರು. ರಾತ್ರಿ ಒಂಬತ್ತೂವರೆ ಸುಮಾರಿಗೆ, ಕತ್ತಲಲ್ಲಿದ್ದ ಪಟ್ಟಿಯ ದೀಪಗಳು ಸ್ವಲ್ಪ ಹೊತ್ತು ಹೊತ್ತಿಕೊಂಡವು. ಇಳಿದರು.

ಪ್ಯಾರಾಚೂಟ್ ಸೈನಿಕರು, ಸರಿ. ಆದರೆ ಈ ಪುಟ್ಟ ದ್ವೀಪದ ಮೇಲೆ ಆಕಾಶದಿಂದ ಹಾರಿದರೆ ಸ್ವಲ್ಪ ಗಾಳಿ ಬೀಸಿದರೂ ಸೀದಾ ಸಮುದ್ರಕ್ಕೆ. ಅದಕ್ಕೇ ವಿಮಾನವೇ ಇಳಿಯಬೇಕಿತ್ತು. ವಿಮಾನ ಇಳಿಯಬೇಕಾದರೆ ಪಟ್ಟಿ ಸರ್ಕಾರದ ಕಡೆಯವರ ಕೈಯಲ್ಲಿ ಇರಬೇಕಿತ್ತು. ಇತ್ತು. ಅಷ್ಟೇ ಕಥೆ. (ಈ ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಈಗ ಇರುವುದು ನಮ್ಮ ಬೆಂಗಳೂರಿನಲ್ಲೇ. ನಾವು ದಿನಾ ಆ ಕಡೆ ಓಡಾಡುತ್ತೇವೆ, ಯಾರಿಗೂ ಮಾಲೆ ನೆನಪಾಗುವುದಿಲ್ಲ.)

ಗೆಸ್ಟ್‌ಹೌಸ್ ನಾಲ್ಕನೇ ಮಹಡಿ, ಲಿಫ್ಟ್ ಇಬ್ಬರಿಗೆ ಸಾಲದು. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ ಕೈಗೆ ಸಿಗುತ್ತದೆ. ಮಾಲೆ ಒಟ್ಟು ಎರಡು ಲಾಲ್‌ಬಾಗ್‌ನಷ್ಟು ಜಾಗ, ಅದರೊಳಗೆ ಒಂದು ರಾಜಧಾನಿ ಪೂರ್ತಿ ತುಂಬಿಕೊಂಡಿದೆ.

ಶುಕ್ರವಾರ

ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಬೆಳಿಗ್ಗೆ ಅಂಗಡಿ ಮುಚ್ಚಿರುತ್ತವೆ, ಸ್ಕೂಟರುಗಳು ಗೋಡೆಗೆ ಒರಗಿ ಮಲಗಿರುತ್ತವೆ. ನಡೆಯಲು ಇದಕ್ಕಿಂತ ಒಳ್ಳೆ ಹೊತ್ತು ಸಿಗುವುದಿಲ್ಲ. ಗೆಳೆಯ ಎದ್ದಿರಲಿಲ್ಲ, ಎಬ್ಬಿಸಲೂ ಇಲ್ಲ.

ಉತ್ತರದ ದಡದಲ್ಲಿ ಗಣರಾಜ್ಯ ಚೌಕ ಇದೆ, ಅವರು ಜುಮ್ಹೂರೀ ಮೈದಾನ್ ಅನ್ನುತ್ತಾರೆ. ದೊಡ್ಡ ಬಾವುಟ, ಪಾರಿವಾಳ, ಬೆಂಚು. ಈ ಚೌಕ ಮಾಡಿದ್ದು 1989ರಲ್ಲಿ, ಅಂದರೆ ದಾಳಿಯಾದ ಮರುವರ್ಷ. ಅದಕ್ಕೆ ತಾಗಿಕೊಂಡೇ ಬಂಡಾರ ಕೋಶಿ, ಸೇನೆಯ ಕೇಂದ್ರ. ಫೋನು ಎತ್ತಿದ್ದೇ ತಡ, ಕಾವಲಿನ ಹುಡುಗ ದೂರದಿಂದಲೇ ಬೆರಳಾಡಿಸಿದ. ಫೋಟೊ ಇಲ್ಲ. ಸರಿ, ಜೇಬಿಗೆ ಹಾಕಿದೆ.

1988ರಲ್ಲಿ ಇಲ್ಲಿದ್ದವರನ್ನು ರಾಷ್ಟ್ರೀಯ ಭದ್ರತಾ ಪಡೆ ಅನ್ನುತ್ತಿದ್ದರು. ಬಂದೂಕು, ಮದ್ದುಗುಂಡು ಎಲ್ಲ ಇದೇ ಕಟ್ಟಡದಲ್ಲಿ. ದಾಳಿಕೋರರು ಮೊದಲು ಬಿದ್ದದ್ದೂ ಇದರ ಮೇಲೆಯೇ. ಗಂಟೆಗಟ್ಟಲೆ ಗುಂಡು ಹಾರಿಸಿದರೂ ಒಳಗಿನವರು ಬಾಗಿಲು ಬಿಟ್ಟುಕೊಡಲಿಲ್ಲ. ನಾವು ಭಾರತೀಯರು ಈ ಕಥೆ ಹೇಳುವಾಗ ಆಗ್ರಾದಿಂದ ವಿಮಾನ ಹಾರಿದಲ್ಲಿಂದ ಶುರು ಮಾಡುತ್ತೇವೆ, 'ಆಪರೇಷನ್ ಕ್ಯಾಕ್ಟಸ್' ಅಂತ ಹೆಸರು ಹೇಳಿ ಎದೆ ಉಬ್ಬಿಸುತ್ತೇವೆ. ಅದಕ್ಕೂ ಮುಂಚೆ ಬೆಳಗಿನಿಂದ ರಾತ್ರಿವರೆಗೆ ಈ ಕಟ್ಟಡ ಹಿಡಿದುಕೊಂಡು ಕೂತವರು ಇದೇ ಊರಿನ ಹುಡುಗರು. ಅವರು ಬೆಳಿಗ್ಗೆಯೇ ಕೈ ಬಿಟ್ಟಿದ್ದರೆ ರಾತ್ರಿ ವಿಮಾನ ಇಳಿದು ಏನು ಪ್ರಯೋಜನ ಆಗುತ್ತಿತ್ತು?

ಅಲ್ಲಿಂದ ಮುಲಿಆಗೆಗೆ ನಡೆದರೆ ಐದು ನಿಮಿಷವೂ ಆಗಲಿಲ್ಲ. ನೀಲಿ, ಬಿಳಿ ಬಣ್ಣದ ಅಲಂಕಾರದ ಮನೆ, ಸುಲ್ತಾನ ಮೂರನೇ ಶಂಸುದ್ದೀನ್ ತನ್ನ ಮಗನಿಗೆಂದು ಕಟ್ಟಿಸಿದ್ದು. ಆಗ ಅದೇ ಅಧ್ಯಕ್ಷರ ಅಧಿಕೃತ ನಿವಾಸ. ಪಕ್ಕದಲ್ಲೇ ಮೆಧು ಜಿಯಾರತ್, 1153ರಲ್ಲಿ ಈ ದ್ವೀಪಗಳಿಗೆ ಇಸ್ಲಾಂ ತಂದರೆಂದು ಇಲ್ಲಿನವರು ನಂಬುವ ಸಂತರ ಸಮಾಧಿ. ಎದುರಿಗೆ ಹುಕುರು ಮಿಸ್ಕಿ, 1658ರ ಮಸೀದಿ. ಗೋಡೆ ಪೂರ್ತಿ ಹವಳದ ಕಲ್ಲು, ಗಾರೆ ಇಲ್ಲದೆ ಒಂದಕ್ಕೊಂದು ಕಚ್ಚಿಸಿ ನಿಲ್ಲಿಸಿದ್ದಾರೆ. ಮೇಲೆ ಕೆತ್ತನೆ ಎಷ್ಟು ನವುರು ಅಂದರೆ ನಮ್ಮ ಬೇಲೂರಿನ ಕುಶಲಿಗಳಿಗೆ ತೋರಿಸಬೇಕಿತ್ತು ಅನ್ನಿಸಿತು. ಒಳಗೆ ಹೋಗಲು ಅನುಮತಿ ಬೇಕು. ನಾನು ಹೊರಗಿನ ಗೋರಿಕಲ್ಲುಗಳ ನಡುವೆಯೇ ಸುತ್ತಾಡಿದೆ.

ಮುಲಿಆಗೆ ಎದುರು ನಿಂತು ಯೋಚಿಸುತ್ತಿದ್ದೆ. ಸೇನೆಯ ಕೇಂದ್ರ, ಅಧ್ಯಕ್ಷರ ಮನೆ, ದೊಡ್ಡ ಮಸೀದಿ, ಬಂದರು ಎಲ್ಲ ಕೂಗಿದರೆ ಕೇಳುವಷ್ಟು ಹತ್ತಿರ. ಇಂಥ ಊರಲ್ಲಿ ಅಧ್ಯಕ್ಷ ಅಡಗಿಕೊಳ್ಳುವುದು ಎಲ್ಲಿ? ಗಯೂಮ್ ಒಂದು ಮನೆಯಿಂದ ಇನ್ನೊಂದು ಮನೆಗೆ ಜಾಗ ಬದಲಿಸುತ್ತಾ ಹೋದರು. ದಾಳಿಕೋರರಿಗೆ ಊರು ಹೊಸದು, ಗಲ್ಲಿಗಳು ಕಿರಿದು, ಯಾವ ಬಾಗಿಲ ಹಿಂದೆ ಯಾರಿದ್ದಾರೆ ಅಂತ ಊರಿನವರಿಗೆ ಮಾತ್ರ ಗೊತ್ತು. ಹಿಡಿಯಲು ಆಗಲೇ ಇಲ್ಲ. ಅಷ್ಟರಲ್ಲಿ ಅಮೆರಿಕ, ಬ್ರಿಟನ್, ಭಾರತ ಅಂತ ಹಲವು ಕಡೆಗೆ ಸಹಾಯ ಕೇಳಿ ಫೋನು ಹೋಗಿದ್ದವು. ಅಮೆರಿಕದ ನೆಲೆಯಿರುವ ಡಿಯಾಗೊ ಗಾರ್ಸಿಯಾ ದಕ್ಷಿಣಕ್ಕೆ ಸುಮಾರು 1,300 ಕಿಲೋಮೀಟರ್, ಆಗ್ರಾದ ಅರ್ಧ ದೂರ. ಆದರೂ ಬಂದದ್ದು ಆಗ್ರಾದಿಂದಲೇ. ರಾಜೀವ್ ಗಾಂಧಿ ಹೂಂ ಅಂದ ದಿನವೇ ವಿಮಾನ ಇಳಿದಿತ್ತು. ಆಗ ಭಾರತದ ಪಡೆ ಪಕ್ಕದ ಲಂಕೆಯಲ್ಲಿ ಸಿಕ್ಕಿಕೊಂಡು ಒದ್ದಾಡುತ್ತಿತ್ತು ಅನ್ನುವುದನ್ನೂ ನೆನಪಿಟ್ಟುಕೊಳ್ಳಬೇಕು. ಹೂಂ ಅನ್ನುವುದು ಸುಲಭದ ಮಾತಾಗಿರಲಿಲ್ಲ.

ಹುಳುಲೆಯಲ್ಲಿ ಇಳಿದ ಸೈನಿಕರು ಅಲ್ಲಿದ್ದ ದೋಣಿಗಳನ್ನೇ ಹಿಡಿದು ಈ ದಡಕ್ಕೆ ದಾಟಿದರು. ನಡುರಾತ್ರಿ ಕಳೆದು ಎರಡೂವರೆ ಹೊತ್ತಿಗೆ ಗಯೂಮ್ ಇದ್ದಲ್ಲಿಗೆ ತಲುಪಿದರು. ಬೆಳಕು ಹರಿಯುವ ಮುಂಚೆ ಗಯೂಮ್ ದೆಹಲಿಗೆ ಫೋನು ಮಾಡಿ ರಾಜೀವ್ ಜೊತೆ ಮಾತಾಡಿದರು.

ಮಧ್ಯಾಹ್ನ ನಮಾಜಿನ ಬಳಿಕ ಊರು ಎದ್ದು ಕೂತಿತು. ಊಟಕ್ಕೆ ಗರುಧಿಯಾ, ಅಂದರೆ ಟ್ಯೂನಾ ಮೀನಿನ ತಿಳಿಸಾರು, ಅನ್ನ, ನಿಂಬೆ, ಮೆಣಸಿನಕಾಯಿ. ಇಷ್ಟು ಕಡಿಮೆ ಮಸಾಲೆಯಲ್ಲಿ ಇಷ್ಟು ರುಚಿ ಹೇಗೆ ಬಂತೋ. ಗೆಳೆಯನಿಗೆ ಸಪ್ಪೆ ಅನ್ನಿಸಿತು, ಉಪ್ಪಿನಕಾಯಿ ಪೊಟ್ಟಣ ಬಿಚ್ಚಿದ.

ಶನಿವಾರ

ಮೀನು ಮಾರುಕಟ್ಟೆಗೆ ಸಂಜೆ ಹೋಗಬೇಕು, ದೋಣಿಗಳು ಬರುವುದು ಆಗಲೇ. ಬೆಳಿಗ್ಗೆ ಚಹಾ ಅಂಗಡಿ ಸಾಕು. ಇಲ್ಲಿ ಕೂತ ತಕ್ಷಣ ಮೇಜಿನ ಮೇಲೆ ಹೆಧಿಕಾ ತಟ್ಟೆಗಳು ಬರುತ್ತವೆ: ಗುಳ, ಬಜಿಯಾ, ಇನ್ನೂ ಏನೇನೋ, ಹೆಚ್ಚಿನದರ ಒಳಗೆ ಮೀನು, ತೆಂಗಿನತುರಿ. ತಿಂದದ್ದಕ್ಕೆ ಮಾತ್ರ ದುಡ್ಡು. ನಾನು ಮಸ್ ಹುನಿ ತೆಗೆದುಕೊಂಡೆ. ಮೀನು, ತೆಂಗು, ಈರುಳ್ಳಿ ಕಲಸಿದ್ದು, ಜೊತೆಗೆ ರೊಶಿ, ಅಂದರೆ ತೆಳು ಚಪಾತಿ.

ಪಕ್ಕದ ಮೇಜಿನ ಹಿರಿಯರು ಎಲ್ಲಿಂದ ಅಂತ ಕೇಳಿದರು. ಬೆಂಗಳೂರು ಅಂದದ್ದೇ ಕುರ್ಚಿ ಎಳೆದುಕೊಂಡು ಬಂದರು. ಮಗಳು ಮೈಸೂರಲ್ಲಿ ಓದಿದ್ದಂತೆ, ಇವರ ಮಂಡಿ ಆಪರೇಷನ್ ಆದದ್ದು ಬೆಂಗಳೂರಲ್ಲಂತೆ. ಇಲ್ಲಿ ಇದು ಮಾಮೂಲು. ಓದಿಗೆ, ಆಸ್ಪತ್ರೆಗೆ ಬೆಂಗಳೂರು, ತಿರುವನಂತಪುರಕ್ಕೆ ಬಂದುಹೋದವರು ಮನೆಗೊಬ್ಬರು ಸಿಗುತ್ತಾರೆ.

1988ರ ಮಾತು ತೆಗೆದೆ. ಅವರಿಗೆ ಆಗ ಹದಿನೈದು ವರ್ಷ. ಬೆಳಗಿನ ಬಾಂಗ್ ಹೊತ್ತಿಗೆ ಸದ್ದು ಶುರುವಾಯಿತು, ಅಪ್ಪ ಮಸೀದಿಗೆ ಹೊರಟವರು ಚಪ್ಪಲಿ ಮೆಟ್ಟಿಕೊಂಡೇ ವಾಪಸ್ ಒಳಗೆ ಬಂದರು ಅಂದರು. ಇಡೀ ದಿನ ಮನೆಯವರೆಲ್ಲ ಅಡುಗೆಮನೆಯ ನೆಲದ ಮೇಲೆ. ಅಮ್ಮನಿಗೆ ಭಯಕ್ಕಿಂತ ಸಿಟ್ಟು ಜಾಸ್ತಿ ಇತ್ತಂತೆ, ಬಾವಿ ಅಂಗಳದಲ್ಲಿದ್ದದ್ದರಿಂದ ನೀರು ತರಲು ಆಗಲಿಲ್ಲ ಅಂತ. ಮಾರನೇ ದಿನ ಬೀದಿಯಲ್ಲಿ ಬೇರೆ ಬಟ್ಟೆಯ ಸೈನಿಕರನ್ನು ನೋಡಿ, ಇವರು ಯಾರ ಕಡೆಯವರು ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತಂತೆ. ಹಡಗಿನಲ್ಲಿ ಹೋದವರ ಮಾತು ಬಂದಾಗ ಮಾತ್ರ ಸುಮ್ಮನಾದರು.

ಆ ಹಡಗಿನ ಹೆಸರು ಪ್ರೋಗ್ರೆಸ್ ಲೈಟ್. ಭಾರತೀಯರು ಬಂದಿಳಿದರು ಅಂತ ತಿಳಿದ ಕೂಡಲೇ ದಾಳಿಕೋರರಲ್ಲಿ ಒಂದು ಗುಂಪು ಈ ಸರಕು ಹಡಗು ಹಿಡಿದು ಲಂಕೆ ಕಡೆ ಓಡಿತು. ಜೊತೆಗೆ ಒತ್ತೆಯಾಳುಗಳು, ಅವರಲ್ಲಿ ಸಾರಿಗೆ ಸಚಿವ ಅಹ್ಮದ್ ಮುಜ್ತಬಾ ಕೂಡ. ಆಸ್ಟ್ರೇಲಿಯಾದಿಂದ ಮರಳುತ್ತಿದ್ದ ಐಎನ್‌ಎಸ್ ಗೋದಾವರಿಯನ್ನು ದಾರಿ ಬದಲಿಸಿ ಕಳಿಸಿದರು, ಐಎನ್‌ಎಸ್ ಬೇತ್ವಾ ಕೂಡ ಬೆನ್ನು ಹತ್ತಿತು. ನವೆಂಬರ್ 6ರಂದು ಗುಂಡಿನೇಟು ತಿಂದ ಮೇಲೆ ಹಡಗು ನಿಂತಿತು. ಒತ್ತೆಯಾಳುಗಳೆಲ್ಲರೂ ಉಳಿಯಲಿಲ್ಲ, ಕೆಲವರನ್ನು ಕೊಂದಿದ್ದರು. ಹಡಗೂ ಮುಳುಗಿತು. ನಮ್ಮ ಕಡೆ ಹೇಳುವ ಕಥೆಯಲ್ಲಿ ಈ ಭಾಗ ಬೇಗ ಮುಗಿದುಹೋಗುತ್ತದೆ. ಇಲ್ಲಿ ಹಾಗಲ್ಲ, ಊರು ಚಿಕ್ಕದು, ಸತ್ತವರ ಮನೆ ಯಾವ ಬೀದಿ ಅಂತ ಎಲ್ಲರಿಗೂ ಗೊತ್ತು. ನವೆಂಬರ್ 3 ಇಲ್ಲಿ ವಿಜಯ ದಿನ, ಸರ್ಕಾರಿ ರಜೆ.

ಹಿರಿಯರು ಚಹಾದ ದುಡ್ಡು ಕೊಡಲು ಬಿಡಲಿಲ್ಲ.

ಸಂಜೆ ಮಾರುಕಟ್ಟೆಯಲ್ಲಿ ಟ್ಯೂನಾಗಳು ಹಾಸುಗಲ್ಲಿನ ಮೇಲೆ ಸಾಲಾಗಿ ಮಲಗಿದ್ದವು. ಕತ್ತರಿಸುವವರು ಒಂದು ದೊಡ್ಡ ಮೀನನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ನಾಲ್ಕು ಹೋಳು ಮಾಡಿ ಬಿಸಾಡುತ್ತಾರೆ. ಅಲ್ಲೇ ಪಕ್ಕದ ಅಂಗಡಿಯಲ್ಲಿ ಕವಡೆ ಮಾರುತ್ತಿದ್ದರು, ಪ್ರವಾಸಿಗರಿಗೆ. ಒಂದು ಕಾಲಕ್ಕೆ ಇಡೀ ಭಾರತಕ್ಕೆ ಕವಡೆ ಹೋಗುತ್ತಿದ್ದದ್ದು ಈ ದ್ವೀಪಗಳಿಂದ. ಚೌಕಾಬಾರ ಆಡುವಾಗ ಅಜ್ಜಿ ಉರುಳಿಸುತ್ತಿದ್ದ ಕವಡೆ, ಎಲ್ಲಮ್ಮನ ಜೋಗತಿಯರ ಕೊರಳಲ್ಲಿರುವ ಕವಡೆ ಸರ, ಎಲ್ಲದರ ಮೂಲ ಈ ಕಡೆಯ ಸಮುದ್ರವೇ ಇರಬೇಕು. ಒಂದು ಹಿಡಿ ಕೊಂಡೆ, ಬೆಲೆ ಜಾಸ್ತಿಯೇ ಹೇಳಿದರು.

ಭಾನುವಾರ

ಬಸ್ಸು ಹತ್ತಿ ಸೇತುವೆ ದಾಟಿ ಹುಳುಮಾಲೆಗೆ. ಇದು ಸಮುದ್ರ ತುಂಬಿಸಿ ಮಾಡಿದ ದ್ವೀಪ, 1997ರಲ್ಲಿ ಕೆಲಸ ಶುರು, 2004ರಿಂದ ಜನ ವಾಸ. ಅಗಲ ರಸ್ತೆ, ಎತ್ತರದ ಅಪಾರ್ಟ್‌ಮೆಂಟು, ಮರ. ಮಾಲೆಯಿಂದ ಬಂದರೆ ಉಸಿರಾಡಲು ಜಾಗ ಸಿಕ್ಕಂತಾಗುತ್ತದೆ. 1990ರ ಜನಗಣತಿಯಲ್ಲಿ ಇಡೀ ದೇಶದ ಜನಸಂಖ್ಯೆ 2 ಲಕ್ಷದ 13 ಸಾವಿರ, ಮಾಲೆಯದು 55 ಸಾವಿರ. ಈಗ ಮಾಲೆ, ಹುಳುಮಾಲೆ ಎಲ್ಲ ಸೇರಿದ ರಾಜಧಾನಿಯೊಂದರಲ್ಲೇ 2 ಲಕ್ಷ ದಾಟಿದ್ದಾರೆ.

ಸೇತುವೆ ಚೀನಾದ ನೆರವಿನದು, 2018ರ ಆಗಸ್ಟ್ 30ರಂದು ತೆರೆದರು. ನೋಡಲು ಚೆಂದ. ದಾಟುವಾಗ ನನಗೆ ಬಂದ ಯೋಚನೆ ಮಾತ್ರ ಬೇರೆ. 1988ರಲ್ಲಿ ಇದು ಇದ್ದಿದ್ದರೆ ಒಂದು ಲಾರಿಯಲ್ಲಿ ಬಂದೂಕು ಹೇರಿಕೊಂಡು ಹತ್ತು ನಿಮಿಷದಲ್ಲಿ ರನ್‌ವೇ ತಲುಪುತ್ತಿದ್ದರು, ಅಲ್ವಾ? ಗೆಳೆಯನಿಗೆ ಹೇಳಿದೆ. ಅವನು, ಮಾರಾಯಾ, ನೀನು ರಜೆಗೆ ಬಂದಿದ್ದೀಯಾ, ದಂಡಯಾತ್ರೆಗೆ ಬಂದಿದ್ದೀಯಾ ಅಂದ.

ಇನ್ನೊಂದು ಬದಿಯಲ್ಲಿ, ವಿಲಿಮಾಲೆ ಕಡೆಗೆ, ಭಾರತದ ನೆರವಿನ ಸೇತುವೆಯ ಕಂಬಗಳು ನೀರಲ್ಲಿ ನಿಂತಿವೆ. ಒಂದು ಬದಿ ಚೀನಾ, ಒಂದು ಬದಿ ನಾವು. ಬಸ್ಸಿನಲ್ಲಿ ಪಕ್ಕ ಕೂತ ಕಾಲೇಜು ಹುಡುಗನಿಗೆ 1988 ಅಂದರೆ ಶಾಲೆ ಪುಸ್ತಕದ ಪಾಠ. ಅವನಿಗೆ ಹೆಚ್ಚು ಗೊತ್ತಿದ್ದದ್ದು 2014ರ ಡಿಸೆಂಬರ್. ನೀರು ಶುದ್ಧೀಕರಿಸುವ ಘಟಕಕ್ಕೆ ಬೆಂಕಿ ಬಿದ್ದು ಮಾಲೆಯಲ್ಲಿ ಕುಡಿಯಲು ನೀರಿಲ್ಲದಾದಾಗ ಭಾರತ ವಿಮಾನ, ಹಡಗುಗಳಲ್ಲಿ ನೀರು ಕಳಿಸಿತ್ತು. ಅದೇ ಹುಡುಗ 'ಇಂಡಿಯಾ ಔಟ್' ಮೆರವಣಿಗೆಗೂ ಹೋಗಿದ್ದನಂತೆ, ಮುಚ್ಚುಮರೆ ಇಲ್ಲದೆ ಹೇಳಿದ. ನೀರು ಬೇಕು, ಸೈನಿಕರು ಬೇಡ ಅಂದ. 2024ರ ಮೇ 10ರೊಳಗೆ ಇಲ್ಲಿದ್ದ ಭಾರತದ ಸೈನಿಕರು ಹೊರಟರು, ಅವರ ಜಾಗಕ್ಕೆ ಸೇನೆಯವರಲ್ಲದ ತಂತ್ರಜ್ಞರು ಬಂದರು. ನಮ್ಮ ಟಿವಿಯವರು ಇದನ್ನು ಕೃತಘ್ನತೆ ಅಂತ ಕೂಗಾಡಿದ್ದು ನೆನಪಿದೆ. ನನಗೆ ಹಾಗನ್ನಿಸಲಿಲ್ಲ. ಐದು ಲಕ್ಷ ಜನರ ದೇಶಕ್ಕೆ ಪಕ್ಕದ ಮನೆಯ ಬಂದೂಕು ಕಂಡರೆ ಒಂದು ಅಳುಕು ಇದ್ದೇ ಇರುತ್ತದೆ. 1988ರಲ್ಲೂ ಹೆಚ್ಚಿನ ಸೈನಿಕರು ಬೇಗ ಹೊರಟರು, ಉಳಿದ ಚಿಕ್ಕ ತುಕಡಿ ಮರುವರ್ಷ ಹೋಯಿತು. ಆ ಕೆಲಸದಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾಗುವುದು ಈ ಹೊರಟುಹೋದ ಭಾಗವೇ.

ಸಂಜೆ ಮಾಲೆಯ ದಕ್ಷಿಣ ದಡ. ಅಲ್ಲಿ ಸಿಮೆಂಟಿನ ನಾಲ್ಕು ಕೊಂಬಿನ ದೊಡ್ಡ ದೊಡ್ಡ ಗಟ್ಟಿಗಳನ್ನು ಪೇರಿಸಿಟ್ಟಿದ್ದಾರೆ. 1987ರ ಏಪ್ರಿಲ್‌ನಲ್ಲಿ ಅಲೆ ಎದ್ದು ಊರೊಳಗೆ ನುಗ್ಗಿದ ಮೇಲೆ ಜಪಾನಿನ ನೆರವಿನಿಂದ ಕಟ್ಟಿದ ತಡೆಗೋಡೆ. ಅದೇ ವರ್ಷ ಗಯೂಮ್ ವಿಶ್ವಸಂಸ್ಥೆಗೆ ಹೋಗಿ ಸಮುದ್ರ ಏರಿದರೆ ನಮ್ಮ ದೇಶವೇ ಇರುವುದಿಲ್ಲ ಅಂತ ಹೇಳಿ ಬಂದಿದ್ದರು. ಮೊದಲು ನೀರು, ಆಮೇಲೆ ಬಂದೂಕು. ಎರಡೂ ಬಂದದ್ದು ಸಮುದ್ರದಿಂದ, ಎರಡು ವರ್ಷದೊಳಗೆ.

ಸೋಮವಾರ

ಗೆಳೆಯನ ಪಾಳಿ. ಸ್ಪೀಡ್ ಬೋಟ್ ಹಿಡಿದು ಮಾಫುಶಿಗೆ. ಇದು ರೆಸಾರ್ಟ್ ದ್ವೀಪ ಅಲ್ಲ, ಜನ ಇರುವ ಊರು, ಗೆಸ್ಟ್‌ಹೌಸುಗಳು ಸಾಲುಸಾಲು. ನೀರಿನ ಬಣ್ಣದ ಬಗ್ಗೆ ನಾನು ಬರೆಯುವುದಿಲ್ಲ, ಫೋಟೊ ನೋಡಿದ್ದೀರಿ, ಹಾಗೇ ಇದೆ. ಅವನು ಬಾಯಿಗೆ ಕೊಳವೆ ಕಚ್ಚಿಕೊಂಡು ಮಧ್ಯಾಹ್ನದವರೆಗೆ ಮೇಲೆ ಬರಲಿಲ್ಲ.

ನಾನು ದ್ವೀಪದ ಇನ್ನೊಂದು ತುದಿಗೆ ನಡೆದೆ. ಅಲ್ಲಿ ಎತ್ತರದ ಗೋಡೆ. ಮಾಫುಶಿ ಜೈಲು, ದೇಶದ ದೊಡ್ಡ ಜೈಲು. ಸ್ನಾರ್ಕೆಲ್ ಬಾಡಿಗೆಗೆ ಕೊಡುವ ಅಂಗಡಿಯಿಂದ ನಡೆದೇ ಹೋಗಬಹುದು.

1988ರ ಕಥೆಯ ಇನ್ನರ್ಧ ಇಲ್ಲಿದೆ. ಆ ವರ್ಷ ಸೆಪ್ಟೆಂಬರ್‌ನಲ್ಲಿ ಚುನಾವಣೆ ಅಂತ ಒಂದು ನಡೆದಿತ್ತು. ಅಭ್ಯರ್ಥಿ ಗಯೂಮ್ ಒಬ್ಬರೇ, ಹೌದು ಅಥವಾ ಇಲ್ಲ ಅನ್ನಬೇಕು, ಶೇ. 96ಕ್ಕೂ ಜಾಸ್ತಿ ಹೌದು ಬಂತು. ನವೆಂಬರ್ 3ಕ್ಕೆ ದಾಳಿ, ನವೆಂಬರ್ 11ಕ್ಕೆ ಮೂರನೇ ಅವಧಿಯ ಪ್ರಮಾಣವಚನ. ದಾಳಿ ಮಾಡಿದವರು ಗಯೂಮ್ ಅವರನ್ನು ಇಳಿಸಲು ಬಂದು ಇನ್ನಷ್ಟು ಗಟ್ಟಿ ಮಾಡಿ ಹೋದರು ಅಂತ ನನಗನ್ನಿಸುತ್ತದೆ. ಅಲ್ಲಿಂದ ಮುಂದೆ ಇನ್ನೂ 20 ವರ್ಷ ಅವರೇ ಅಧ್ಯಕ್ಷರು. ಎದುರು ಮಾತಾಡಿದವರು ಜೈಲು ಕಂಡರು. 2003ರ ಸೆಪ್ಟೆಂಬರ್‌ನಲ್ಲಿ ಇದೇ ಗೋಡೆಯೊಳಗೆ ಇವಾನ್ ನಸೀಮ್ ಎಂಬ 19ರ ಹುಡುಗ ಕಾವಲುಗಾರರ ಹೊಡೆತಕ್ಕೆ ಸತ್ತ. ಮಾಲೆ ಬೀದಿಗಿಳಿಯಿತು, ಬೆಂಕಿ ಬಿತ್ತು. ಅಲ್ಲಿಂದ ಶುರುವಾದದ್ದು 2008ರಲ್ಲಿ ಹಲವು ಪಕ್ಷಗಳ ಮೊದಲ ಚುನಾವಣೆಗೆ ಬಂದು ಮುಟ್ಟಿತು. ಜೈಲು ಕಂಡಿದ್ದ ಮೊಹಮ್ಮದ್ ನಶೀದ್ ಗೆದ್ದರು, ಗಯೂಮ್ ಇಳಿದರು. ಬಂದೂಕಿನಿಂದ ಆಗದ ಕೆಲಸ ಮತದಿಂದ ಆಯಿತು, ತಡವಾಗಿ.

ಲುತುಫಿ ಮತ್ತು ಸಿಕ್ಕಿಬಿದ್ದವರಿಗೆ ಮೊದಲು ಮರಣದಂಡನೆ ಆಗಿತ್ತು, ಗಯೂಮ್ ಅದನ್ನು ಜೀವಾವಧಿಗೆ ಇಳಿಸಿದರು. ಕೂಲಿ ಸೈನಿಕರನ್ನು ಕಳಿಸಿದ ಪ್ಲಾಟ್ ಮುಖಂಡ ಉಮಾ ಮಹೇಶ್ವರನ್‌ನನ್ನು 1989ರ ಜುಲೈಯಲ್ಲಿ ಕೊಲಂಬೊದಲ್ಲಿ ಗುಂಡಿಟ್ಟು ಕೊಂದರು. ಗಯೂಮ್ ಕಥೆ ಇನ್ನೂ ಇತ್ತು. 2018ರ ಫೆಬ್ರವರಿಯಲ್ಲಿ ಅವರನ್ನು ಬಂಧಿಸಿದ್ದು ಅಧ್ಯಕ್ಷ ಯಾಮೀನ್ ಸರ್ಕಾರ, ಯಾಮೀನ್ ಅಂದರೆ ಗಯೂಮ್ ಅವರ ಮಲತಮ್ಮ. ಶಿಕ್ಷೆಯೂ ಆಯಿತು. ಆಗಸ್ಟ್ 30ರಂದು ಸೇತುವೆಯ ಮೇಲೆ ಪಟಾಕಿ ಹಾರಿಸುವಾಗ ಅವರು ಬಂದಿಯಾಗಿದ್ದರು. ಮುಂದಿನ ತಿಂಗಳು ಯಾಮೀನ್ ಚುನಾವಣೆ ಸೋತರು, ಗಯೂಮ್ ಬಿಡುಗಡೆಯಾದರು.

ಊಟಕ್ಕೆ ಕೂತಾಗ ಇದನ್ನೆಲ್ಲ ಗೆಳೆಯನಿಗೆ ಹೇಳಿದೆ. ಬೆನ್ನು ಸುಟ್ಟುಕೊಂಡು ಕೆಂಪಗಾಗಿದ್ದ, ಆದರೂ ಪೂರ್ತಿ ಕೇಳಿದ. ಆಮೇಲೆ, ಹೋಗುವವರಿಗೆ ಒಂದು ಮಾತು: ಮಾಫುಶಿಗೆ ಸರ್ಕಾರಿ ಫೆರಿಯೂ ಇದೆ, ತೀರಾ ಅಗ್ಗ, ಆದರೆ ನಿಧಾನ, ಶುಕ್ರವಾರ ನಂಬಿಕೊಂಡು ಕೂರಬೇಡಿ.